ಲೋಕಿ ಥಾರ್‌ಗೆ ತಮ್ಮನೋ, ಚಿಕ್ಕಪ್ಪನೋ?

ಸೋದರಮಾವ

ಎಲ್ಲರಿಗೂ ನಮಸ್ಕಾರ. ನನ್ನ ಅಕ್ಕನ ಮಗನಿಗೆ 11 ವರ್ಷ. ಕಾಮಿಕ್ಸ್‌ನ ಗುಡುಗು ದೇವರು ಥಾರ್ ಅಂದ್ರೆ ಪ್ರಾಣ. ರಜೆಗೆ ನಮ್ಮನೆಗೆ ಬಂದಿದ್ದಾನೆ. ಬರೀ ಕಾಮಿಕ್ಸ್ ಸಾಲದು, ಹಳೇ ಕಥೆಯೂ ಗೊತ್ತಿರಲಿ ಅಂತ ಐಸ್‌ಲ್ಯಾಂಡಿನ ಎಡ್ಡಾ ಅನ್ನೋ ಹಳೇ ದೇವರ ಕಥೆಗಳ ಇಂಗ್ಲಿಷ್ ಪುಸ್ತಕ ಹಿಡಿದು ರಾತ್ರಿ ಒಂದೊಂದೇ ಕಥೆ ಕನ್ನಡದಲ್ಲಿ ಹೇಳುತ್ತಿದ್ದೇನೆ.

ಎರಡನೇ ರಾತ್ರಿಗೇ ಜಗಳ. ತಂಟೆಕೋರ ಲೋಕಿಯೂ ದೇವರುಗಳ ರಾಜ ಓಡಿನ್ನೂ ಹಿಂದೆ ಯಾವಾಗಲೋ ರಕ್ತ ಬೆರೆಸಿ ಅಣ್ಣತಮ್ಮ ಆಗಿದ್ದರು ಅಂತ ಹೇಳಿದೆ. ಹುಡುಗ ಹೊದಿಕೆ ಕಿತ್ತೊಗೆದು ಎದ್ದು ಕೂತ. "ಮಾಮ, ತಪ್ಪು. ಲೋಕಿ ಥಾರ್‌ನ ತಮ್ಮ. ಓಡಿನ್ ಅವರಿಬ್ಬರ ಅಪ್ಪ." ಇಲ್ಲಪ್ಪ, ಪುಸ್ತಕದಲ್ಲಿ ಹೀಗಿದೆ ನೋಡು ಅಂದೆ. ಸ್ವಲ್ಪ ಹೊತ್ತು ಯೋಚನೆ ಮಾಡಿ ಕೇಳಿದ: "ಹಾಗಾದ್ರೆ ಲೋಕಿ ಥಾರ್‌ಗೆ ಚಿಕ್ಕಪ್ಪನಾ?"

ಲೆಕ್ಕ ಸರಿಯಾಗೇ ಇದೆ. ಆದರೆ "ಲೋಕಿ ಚಿಕ್ಕಪ್ಪ" ಅಂತ ನನ್ನ ಬಾಯಲ್ಲಿ ಬರುತ್ತಿಲ್ಲ. ಇದು ಬದಲಾಗಿದ್ದು ಯಾವಾಗ? ಯಾಕೆ ಬದಲಾಯಿಸಿದರು? ಗೊತ್ತಿದ್ದವರು ಹೇಳಿ.

ಹಳೇಪೇಟೆ ಹುಳ

ನಿಮ್ಮ ಅಳಿಯ ಹೇಳಿದ್ದೂ ಸರಿ, ಪುಸ್ತಕ ಹೇಳಿದ್ದೂ ಸರಿ. ತಮ್ಮ ಆಗಿದ್ದಕ್ಕೆ ತಾರೀಖೇ ಇದೆ.

ಅಮೆರಿಕದ ಕಾಮಿಕ್ಸ್ ಕಂಪನಿ ಮಾರ್ವೆಲ್‌ನಲ್ಲಿ ಥಾರ್ ಮೊದಲು ಬಂದಿದ್ದು 'ಜರ್ನಿ ಇಂಟು ಮಿಸ್ಟರಿ' 83ನೇ ಸಂಚಿಕೆಯಲ್ಲಿ. ಮುಖಪುಟದ ಮೇಲಿರೋ ತಿಂಗಳು 1962ರ ಆಗಸ್ಟ್. ಅಲ್ಲಿವರೆಗೆ ಅದು ದೆವ್ವ, ಭೂತ, ಬೇರೆ ಗ್ರಹದ ರಾಕ್ಷಸರ ಬಿಡಿ ಕಥೆಗಳ ಪತ್ರಿಕೆ. ಕಥೆಯ ಎಳೆ ಸ್ಟಾನ್ ಲೀ ಅವರದು. ಮಾತು ಬರೆದದ್ದು ಅವರ ತಮ್ಮ ಲ್ಯಾರಿ ಲೀಬರ್. ಚಿತ್ರ ಜ್ಯಾಕ್ ಕರ್ಬಿ. ಅದೇ ಪತ್ರಿಕೆಯ 85ನೇ ಸಂಚಿಕೆಯಲ್ಲಿ ಲೋಕಿ ಬಂದ. ಒಂದು ಮರದೊಳಗೆ ಬಂಧಿ. ಯಾರಾದರೂ ಅವನಿಗೋಸ್ಕರ ಕಣ್ಣೀರು ಹಾಕಿದರೆ ಮಾತ್ರ ಬಿಡುಗಡೆ. ಲೋಕಿಗೋಸ್ಕರ ಅಳೋರು ಯಾರು? ಅವನು ಮರದ ಎಲೆಯೊಂದನ್ನು ಉದುರಿಸಿ ದೇವಲೋಕದ ಕಾವಲುಗಾರ ಹೈಮ್‌ಡಾಲ್‌ನ ಕಣ್ಣಿಗೆ ಬೀಳಿಸಿದ. ಕಣ್ಣಲ್ಲಿ ನೀರು ಬಂತು, ಲೋಕಿ ಹೊರಗೆ ಬಂದ. ಎಷ್ಟು ಸಲ ಓದಿದರೂ ನನಗೆ ನಗು ಬರುತ್ತದೆ.

ದತ್ತು ಮಗ ಅನ್ನೋ ಕಥೆ ವಿವರವಾಗಿ ಬಂದಿದ್ದು 112ನೇ ಸಂಚಿಕೆಯಲ್ಲಿ, 1965ರ ಜನವರಿ. ಆ ಹೊತ್ತಿಗೆ ಪತ್ರಿಕೆಯ ಹಿಂಭಾಗದಲ್ಲಿ 'ಟೇಲ್ಸ್ ಆಫ್ ಆಸ್ಗಾರ್ಡ್' (ಆಸ್ಗಾರ್ಡ್ ಅಂದ್ರೆ ದೇವರುಗಳ ಲೋಕ) ಅಂತ 5 ಪುಟದ ಪುಟ್ಟ ಕಥೆಗಳು ಬರುತ್ತಿದ್ದವು. ಅದರಲ್ಲಿ ಓಡಿನ್ ಯುದ್ಧದಲ್ಲಿ ದೈತ್ಯರ ರಾಜ ಲೌಫಿಯನ್ನು ಕೊಲ್ಲುತ್ತಾನೆ. ದೈತ್ಯರ ಕೋಟೆಯಲ್ಲಿ ಒಂದು ಕೂಸು ಸಿಗುತ್ತದೆ. ದೈತ್ಯನ ಮಗ, ಆದರೆ ಗಾತ್ರದಲ್ಲಿ ನಮ್ಮ ನಿಮ್ಮ ಮಕ್ಕಳಷ್ಟೇ. ಎತ್ತಿಕೊಂಡು ಬಂದು ಥಾರ್ ಜೊತೆ ಸಾಕಿದ.

ತಮಾಷೆ ಏನು ಗೊತ್ತಾ? ಹಳೇ ಕಥೆಯಲ್ಲಿ ಲೌಫಿ ಲೋಕಿಯ ಅಮ್ಮ. ಅಪ್ಪನ ಹೆಸರು ಫಾರ್ಬೌಟಿ. ಕಾಮಿಕ್ಸ್‌ನವರು ಅಮ್ಮನಿಗೆ ಗಡ್ಡ ಅಂಟಿಸಿ ರಾಜನನ್ನಾಗಿ ಮಾಡಿಬಿಟ್ಟರು.

ಕುಂದಾಪ್ರ ಕಪ್ಪೆ

ಯಾಕೆ ಬದಲಾಯಿಸಿದರು ಅಂತ ಕೇಳಿದ್ರಲ್ಲ. ಚಿಕ್ಕಪ್ಪ ಮಗನ ಜಗಳ ತಿಂಗಳು ತಿಂಗಳು ನಡೆಸಲಿಕ್ಕೆ ಆಗ್ತದಾ ಮಾರಾಯ್ರೆ? ಅಣ್ಣತಮ್ಮಂದಿರ ಜಗಳ ಅಂದರೆ ಎಷ್ಟು ವರ್ಷ ಬೇಕಾದರೂ ಎಳೆಯಬಹುದು. ನಮ್ಮ ಕಡೆ ಕೋರ್ಟಿಗೆ ಹೋಗಿ ನೋಡಿ.

ತರ್ಕತಿಮ್ಮ

ಸೋದರಮಾವ ಅವರೇ, "ಹಳೇ ಕಥೆ" ಅಂದಿದ್ದೀರಿ, ಸದ್ಯ "ಮೂಲ" ಅನ್ನಲಿಲ್ಲ. ಆ ಪದ ಬಂದಿದ್ದರೆ ನಾನು ಜಗಳಕ್ಕೇ ಬರುತ್ತಿದ್ದೆ.

ನಿಮ್ಮ ಕೈಯಲ್ಲಿರೋ ಕಥೆಗಳಲ್ಲಿ ಮುಕ್ಕಾಲು ಪಾಲು ಸ್ನೋರಿ ಸ್ಟುರ್ಲುಸನ್ ಅನ್ನೋ ಐಸ್‌ಲ್ಯಾಂಡಿನ ರಾಜಕಾರಣಿ ಸುಮಾರು 1220ರಲ್ಲಿ ಬರೆದಿಟ್ಟಿದ್ದು. ಐಸ್‌ಲ್ಯಾಂಡ್ ಕ್ರೈಸ್ತ ಧರ್ಮ ಒಪ್ಪಿಕೊಂಡು ಆಗಲೇ 200 ವರ್ಷ ದಾಟಿತ್ತು. ಸ್ನೋರಿ ಸ್ವತಃ ಕ್ರೈಸ್ತ. ಅವನ ಎಡ್ಡಾದ ಮುನ್ನುಡಿ ಓದಿ. ಥಾರ್ ದೇವರೇ ಅಲ್ಲ, ಟ್ರಾಯ್ ನಗರದ ರಾಜ ಪ್ರಿಯಮ್‌ನ ಮೊಮ್ಮಗ ಅಂತಿದೆ. ಟ್ರಾಯ್ ಎಲ್ಲಿ, ಐಸ್‌ಲ್ಯಾಂಡ್ ಎಲ್ಲಿ! ಕವಿಗಳಿಗೆ ಹಳೇ ಹೆಸರುಗಳು ಮರೆತುಹೋಗಬಾರದು ಅಂತ ಪಾಠದ ಪುಸ್ತಕ ಬರೆದ. ಇಗರ್ಜಿಯವರ ಕಾಟ ಬೇಡ ಅಂತಲೋ ಏನೋ, ದೇವರನ್ನು ಮನುಷ್ಯ ಮಾಡಿ ಮುಂದೆ ಇಟ್ಟ.

ಅಂದರೆ ಬದಲಾಯಿಸಿದವರಲ್ಲಿ ಸ್ಟಾನ್ ಲೀ ಮೊದಲಿಗರಲ್ಲ. ಸ್ನೋರಿಗೆ ಕ್ಷಮೆ, ಕರ್ಬಿಗೆ ಮಾತ್ರ ಬೈಗುಳ ಅನ್ನೋದು ನ್ಯಾಯ ಅಲ್ಲ.

ಸೋದರಮಾವ

ನಾನು ಯಾರಿಗೂ ಬೈದಿಲ್ಲ ಸರ್. ಮಗು ಮುಂದೆ ಮರ್ಯಾದೆ ಹೋಯ್ತು, ಅಷ್ಟೇ.

ಬರ್ಗನ್ ಮಳೆ

ನಾನು ಶಿವಮೊಗ್ಗದವಳು, ಕೆಲಸಕ್ಕೆ ಅಂತ ನಾರ್ವೆಗೆ ಬಂದು ಆರು ವರ್ಷ ಆಯ್ತು. ಇಲ್ಲಿ ಟೂರ್ ಅನ್ನೋದು ಮಾಮೂಲಿ ಗಂಡಸಿನ ಹೆಸರು. ಥಾರ್‌ನೇ ಅದು. ನಮ್ಮ ಆಫೀಸಲ್ಲೇ ಒಬ್ಬರು ಟೂರ್, ಇನ್ನೊಬ್ಬರು ಟೂರ್‌ಸ್ಟೈನ್. ಗುರುವಾರಕ್ಕೆ ಟೂರ್‌ಸ್ಡಾಗ್, ಬುಧವಾರಕ್ಕೆ ಊನ್ಸ್‌ಡಾಗ್, ಓಡಿನ್ ವಾರ. ಯಾರೂ ಅದನ್ನು ದೇವರ ಹೆಸರು ಅಂತ ಯೋಚನೆ ಮಾಡೋದಿಲ್ಲ. ನಾವು ಮಂಗಳವಾರ ಅಂದಾಗ ಅಂಗಾರಕನ್ನ ನೆನೆಸಿಕೊಳ್ತೀವಾ?

ಓಸ್ಲೋ ಸಿಟಿ ಹಾಲ್‌ನ ಅಂಗಳದ ಗೋಡೆಗೆ ದೊಡ್ಡ ದೊಡ್ಡ ಮರದ ಕೆತ್ತನೆ ಇವೆ, ಒಟ್ಟು 16. ಡಾಗ್‌ಫಿನ್ ವೆರೆನ್‌ಶೋಲ್ ಅನ್ನೋ ಕಲಾವಿದರು ಮಾಡಿದ್ದು. ಬಣ್ಣ ಹಚ್ಚಿದ ಕೆತ್ತನೆಗಳು. ಅಮ್ಮ ಬಂದಿದ್ದಾಗ ಕರೆದುಕೊಂಡು ಹೋಗಿದ್ದೆ. ನಿಧಾನಕ್ಕೆ ಒಂದೊಂದರ ಮುಂದೆ ನಿಂತು ನೋಡಿ, "ದೇವಸ್ಥಾನದ ಪೌಳಿ ಇದ್ದಂಗಿದೆ ಕಣೆ, ಪೂಜೆ ಒಂದಿಲ್ಲ" ಅಂದರು.

ಚಿಕ್ಕಪ್ಪನ ವಿಷಯಕ್ಕೆ ಬಂದರೆ, ರೇಕ್ಯಾವಿಕ್‌ನಲ್ಲಿ ಒಂದು ಕಡೆ ಬೀದಿಗಳಿಗೆಲ್ಲ ದೇವರುಗಳ ಹೆಸರು. ಥಾರ್ ಬೀದಿ, ಓಡಿನ್ ಬೀದಿ, ಫ್ರೇಯಾ ಬೀದಿ. ಥಾರ್ ಬೀದಿ ಪಕ್ಕದಲ್ಲೇ ಲೋಕಿಯ ಓಣಿ. ಬೀದಿ ಅಲ್ಲ, ಓಣಿ! ಅಳಿಯನಿಗೆ ಹೇಳಿ, ಸಂಬಂಧ ಏನೇ ಇರಲಿ, ಅಕ್ಕಪಕ್ಕದ ಮನೆಯವರಂತೂ ಹೌದು ಅಂತ.

ಕುಂದಾಪ್ರ ಕಪ್ಪೆ

ಅಕ್ಕ, ಸೂಪರ್.

ನನ್ನ ತಕರಾರು ಬೇರೆ. ಕಾಮಿಕ್ಸ್‌ನವರು ನೆಂಟಸ್ತಿಕೆ ಬದಲಾಯಿಸಿದ್ದಕ್ಕೆ ನನಗೆ ಬೇಜಾರಿಲ್ಲ. ಥಾರ್‌ನ ಹೊಟ್ಟೆಬಾಕತನ, ಪೆದ್ದುತನ, ಕೆಂಪು ಗಡ್ಡ ಎಲ್ಲ ತೆಗೆದು ನುಣ್ಣಗೆ ಕ್ಷೌರ ಮಾಡಿದ ಹೊಂಬಣ್ಣದ ಕೂದಲಿನ ಹೀರೋ ಮಾಡಿದ್ರಲ್ಲ, ಅದಕ್ಕೆ ಬೇಜಾರು.

ಸುತ್ತಿಗೆ ಕಳುವಾದ ಕಥೆ ಹುಡುಗನಿಗೆ ಹೇಳಿದ್ರಾ? ಬೆಳಿಗ್ಗೆ ಏಳ್ತಾನೆ, ಸುತ್ತಿಗೆ ಇಲ್ಲ. ಥ್ರಿಮ್ ಅನ್ನೋ ದೈತ್ಯ ಕದ್ದು ಎಂಟು ಹರದಾರಿ ಆಳದಲ್ಲಿ ಹುಗಿದಿಟ್ಟಿದ್ದಾನೆ. ವಾಪಸ್ ಬೇಕಂದ್ರೆ ಫ್ರೇಯಾಳನ್ನು ಮದುವೆ ಮಾಡಿಕೊಡಬೇಕಂತೆ. ಅವಳು ಸಿಟ್ಟಿಂದ ಬುಸುಗುಟ್ಟಿದ್ದಕ್ಕೆ ಕತ್ತಿನ ಹಾರ ಕಿತ್ತುಬಿತ್ತು. ಕೊನೆಗೆ ಥಾರ್‌ಗೇ ಸೀರೆ ಉಡಿಸಿದ ಹಾಗೆ ಮದುಮಗಳ ವೇಷ ಹಾಕ್ತಾರೆ. ತಲೆ ಮೇಲೆ ಮುಸುಕು, ಸೊಂಟದಲ್ಲಿ ಬೀಗದ ಕೈ ಗೊಂಚಲು. ಲೋಕಿ ಸಖಿ ವೇಷ. ಊಟಕ್ಕೆ ಕೂತ ಮದುಮಗಳು ಒಂದು ಇಡೀ ಎತ್ತು, ಎಂಟು ಸಾಲ್ಮನ್ ಮೀನು ತಿಂದು, ಮೂರು ಪೀಪಾಯಿ ಮಧು ಕುಡೀತಾಳೆ. ಮದುಮಗ ಕಂಗಾಲು. ಲೋಕಿ ತಕ್ಷಣ, "ಪಾಪ, ನಿಮ್ಮ ಮನೆಗೆ ಬರೋ ಆಸೆಗೆ ಎಂಟು ರಾತ್ರಿ ಏನೂ ಮುಟ್ಟಿಲ್ಲ" ಅಂತಾನೆ.

ಮೇಳದ ಹಾಸ್ಯಗಾರನಿಗೆ ಈ ಪ್ರಸಂಗ ಕೊಟ್ಟು ನೋಡಿ. ಬೆಳಗಾಗುವವರೆಗೆ ಯಾರೂ ಎದ್ದು ಹೋಗೋದಿಲ್ಲ. 1962ರ ಥಾರ್‌ಗೆ ಈ ವೇಷ ಹಾಕ್ಸಲಿಕ್ಕೆ ಆಗ್ತಿತ್ತಾ?

ತರ್ಕತಿಮ್ಮ

1962ರಲ್ಲಿ ಅಮೆರಿಕದ ಕಾಮಿಕ್ಸ್‌ಗೆ ಕಾಮಿಕ್ಸ್ ಕೋಡ್ ಅಂತ ಇತ್ತು. 1954ರಿಂದ. ಮಕ್ಕಳಿಗೆ ಏನು ತೋರಿಸಬಹುದು, ಏನು ತೋರಿಸಬಾರದು ಅಂತ ಕಟ್ಟುನಿಟ್ಟು. ಅದು ಒಂದು ಕಾರಣ ಇರಬಹುದು. ಇನ್ನೊಂದು, ಅವರಿಗೆ ಬೇಕಾಗಿದ್ದು ಪೌರಾಣಿಕ ಕಥೆ ಅಲ್ಲ, ಸೂಪರ್‌ಹೀರೋ. ಸೂಪರ್‌ಹೀರೋಗೆ ಒಂದು ಗುಟ್ಟಿನ ವೇಷ ಬೇಕು, ಒಂದು ದೌರ್ಬಲ್ಯ ಬೇಕು. ಆದ್ದರಿಂದ ಡಾಕ್ಟರ್ ಡೊನಾಲ್ಡ್ ಬ್ಲೇಕ್. ಕುಂಟು ಕಾಲಿನ ಬಡಕಲು ಡಾಕ್ಟರ್, ರಜೆಗೆ ನಾರ್ವೆಗೆ ಬಂದವನು.

ಹಳೇಪೇಟೆ ಹುಳ

ಆ ಮೊದಲ ಕಥೆ ಸುಮ್ನೆ ಕಣ್ಣ ಮುಂದೆ ತಂದುಕೊಳ್ಳಿ. ಶನಿ ಗ್ರಹದಿಂದ ಕಲ್ಲಿನ ಮನುಷ್ಯರು ನಾರ್ವೆ ತೀರಕ್ಕೆ ಬಂದು ಇಳೀತಾರೆ. ಬ್ಲೇಕ್ ನೋಡ್ತಾನೆ, ಓಡ್ತಾನೆ, ಓಡುವಾಗ ಊರುಗೋಲು ಕಳ್ಕೊತಾನೆ. ಗುಹೆಯೊಳಗೆ ಬಚ್ಚಿಟ್ಟುಕೊಂಡರೆ ಹೊರಗೆ ಹೋಗೋ ದಾರಿಗೆ ದೊಡ್ಡ ಬಂಡೆ ಅಡ್ಡ. ಅಲ್ಲೇ ಒಂದು ಗಂಟುಗಂಟಾದ ಹಳೇ ಕೋಲು ಸಿಗುತ್ತೆ. ಅದನ್ನು ಮೀಟುಗೋಲು ಮಾಡಿ ಬಂಡೆ ಅಲುಗಾಡಿಸೋಕೆ ನೋಡ್ತಾನೆ, ಆಗಲ್ಲ. ಸಿಟ್ಟಿಗೆ ಕೋಲನ್ನು ಬಂಡೆಗೆ ಬಡೀತಾನೆ. ಮಿಂಚು! ಕೋಲು ಸುತ್ತಿಗೆ, ಡಾಕ್ಟರು ಥಾರ್.

ಸುತ್ತಿಗೆ ಮೇಲೆ ಬರಹ. ಯೋಗ್ಯತೆ ಇದ್ದವನು ಇದನ್ನು ಹಿಡಿದರೆ ಥಾರ್‌ನ ಶಕ್ತಿ ಅವನದಾಗುತ್ತೆ ಅನ್ನೋ ಅರ್ಥದ್ದು. ಆಮೇಲೆ 60 ಸೆಕೆಂಡ್ ನಿಯಮ. ಕೈಯಿಂದ ಬಿಟ್ಟು 60 ಸೆಕೆಂಡ್ ಆದರೆ ಮತ್ತೆ ಕುಂಟು ಡಾಕ್ಟರ್. ಎಷ್ಟು ಸಂಚಿಕೆ ಈ ಒಂದು ನಿಮಿಷದ ಮೇಲೇ ನಡೆದಿವೆಯೋ ಲೆಕ್ಕ ಇಲ್ಲ. ಸುತ್ತಿಗೆಯ ಲೋಹದ ಹೆಸರು ಊರು. ನಮಗೆ ಕೇಳೋಕೆ ತಮಾಷೆ. ಲೀಬರ್ ಕಟ್ಟಿದ ಹೆಸರು ಅದು.

ಈಗ ಮುಖ್ಯ ವಿಷಯ. ಈ "ಯೋಗ್ಯತೆ" ಇದೆಯಲ್ಲ, ಇದು ಯಾವ ಹಳೇ ಕಥೆಯಲ್ಲೂ ಇಲ್ಲ. ಅಲ್ಲಿ ಸುತ್ತಿಗೆ ಬರೀ ಆಯುಧ. ದೈತ್ಯ ಆರಾಮಾಗಿ ಎತ್ತಿಕೊಂಡು ಹೋದ, ಈಗಷ್ಟೇ ಕಪ್ಪೆ ಅವರು ಹೇಳಿದರಲ್ಲ. ಹಿಡಿ ಗಿಡ್ಡ ಆಗಿದ್ದಕ್ಕೂ ಕಥೆ ಇದೆ. ಕುಬ್ಜರು ತಿದಿ ಒತ್ತುತ್ತಿದ್ದಾಗ ಲೋಕಿ ನೊಣದ ರೂಪದಲ್ಲಿ ಬಂದು ಕಣ್ಣುರೆಪ್ಪೆಗೆ ಕಚ್ಚಿದ. ಒಂದು ಗಳಿಗೆ ಕೈ ಬಿಟ್ಟಿದ್ದಕ್ಕೆ ಹಿಡಿ ಗಿಡ್ಡ. ಕೆಲಸಗಾರರ ಕಥೆ ಅದು, ಕುಲುಮೆ ಪಕ್ಕ ಕೂತವರು ಹೇಳುವಂಥದ್ದು. ಎತ್ತೋಕೆ ಯೋಗ್ಯತೆ ಬೇಕು ಅನ್ನೋದನ್ನು ಸೇರಿಸಿದವರು ಕಾಮಿಕ್ಸ್‌ನವರು. ಅವರು ಕಳೆದದ್ದೆಲ್ಲ ಒಂದು ಕಡೆ ಇಡಿ, ಸೇರಿಸಿದ ಈ ಒಂದರಿಂದ 60 ವರ್ಷದ ಕಥೆ ಹುಟ್ಟಿದೆ.

ರಾತ್ರಿಪಾಳಿ

ಯೋಗ್ಯತೆ ಅನ್ನೋ ಪದ ಕನ್ನಡದಲ್ಲಿ ಬರೀ ಬೈಯೋಕೆ ಉಳಿದಿದೆ ಅಲ್ವಾ? "ನಿನ್ನ ಯೋಗ್ಯತೆಗೆ..." ಅಂತ ಶುರುವಾದ ವಾಕ್ಯ ಒಳ್ಳೇ ಕಡೆ ಹೋಗಿದ್ದು ನಾನು ನೋಡಿಲ್ಲ.

ಕುಂದಾಪ್ರ ಕಪ್ಪೆ

ಹುಳ ಸರ್, ಆ ಥಾರ್‌ನ ಇಂಗ್ಲಿಷ್ ಬಗ್ಗೆಯೂ ಹೇಳಿ. ದೀ, ದೌ ಅಂತೆಲ್ಲ. ಅದನ್ನು ಕನ್ನಡಕ್ಕೆ ತಂದರೆ ನೇರ ಅರ್ಥಗಾರಿಕೆಯೇ. "ಎಲವೋ ಲೋಕಿ! ಮಾತಿನ ಮರುಳಿಗೆ ಬೀಳುವವನಲ್ಲ ಈ ಓಡಿನ್ ಸುತ!" ಚೆಂಡೆ ಒಂದು ಬೇಕು ಅಷ್ಟೆ.

ಹಳೇಪೇಟೆ ಹುಳ

ಹ್ಹಹ್ಹ. ಶುರುವಿನ ಸಂಚಿಕೆಗಳಲ್ಲಿ ಥಾರ್ ಮಾಮೂಲಿ ಇಂಗ್ಲಿಷೇ ಮಾತಾಡೋದು. ನಾಟಕದ ಭಾಷೆ ಆಮೇಲೆ ಲೀ ತಂದದ್ದು. ನಾರ್ವೆ ದೇವರು ಇಂಗ್ಲೆಂಡಿನ ಹಳೇ ನಾಟಕದ ಭಾಷೆ ಯಾಕೆ ಆಡ್ತಾನೆ ಅಂತ ಕೇಳಬಾರದು. ನಮ್ಮ ಕಂಪನಿ ನಾಟಕದಲ್ಲಿ ದುರ್ಯೋಧನ ಯಾಕೆ ಮರಾಠಿ ಧಾಟಿಯಲ್ಲಿ ಹಾಡ್ತಿದ್ದ ಅಂತ ಯಾರಾದರೂ ಕೇಳಿದ್ದರಾ?

ಸೋದರಮಾವ

ಅಪ್‌ಡೇಟ್. ಮದುಮಗಳ ಕಥೆ ಹೇಳಿದೆ. ಹುಡುಗ ಹೊಟ್ಟೆ ಹಿಡಿದು ನಕ್ಕ. ಈಗ ಅವನ ಪ್ರಶ್ನೆ: ಇಂಥ ತಮಾಷೆ ಥಾರ್ ಇರೋ ಕಾಮಿಕ್ಸ್ ಇದೆಯಾ? ನನಗೂ ಓದಬೇಕು ಅನ್ನಿಸಿದೆ. ಎಲ್ಲಿಂದ ಶುರು ಮಾಡೋದು? ನೂರಾರು ಸಂಚಿಕೆ ಓದೋ ತಾಳ್ಮೆ ಇಲ್ಲ.

ಹಳೇಪೇಟೆ ಹುಳ

ಈ ಪ್ರಶ್ನೆಗೇ ಕಾಯ್ತಿದ್ದೆ. ಸ್ವಲ್ಪ ಉದ್ದ ಬರೀತೀನಿ, ಕ್ಷಮಿಸಿ.

ವಾಲ್ಟ್ ಸೈಮನ್ಸನ್. 'ಥಾರ್' ಪತ್ರಿಕೆಯ 337ನೇ ಸಂಚಿಕೆಯಿಂದ, 1983ರ ನವೆಂಬರ್. 382ಕ್ಕೆ, 1987ರ ಆಗಸ್ಟ್‌ಗೆ ಮುಗಿಯುತ್ತದೆ. ಬರೆದದ್ದು ಅವರೇ, ಶುರುವಿನಲ್ಲಿ ಚಿತ್ರವೂ ಅವರದೇ, ಆಮೇಲೆ ಸಾಲ್ ಬುಸೆಮಾ ಚಿತ್ರ. ಅವೆನ್ಯೂ ರೋಡ್ ಫುಟ್‌ಪಾತ್‌ನಲ್ಲಿ ನನಗೆ 337 ಸಿಕ್ಕಿದ್ದು ಎಂಜಿನಿಯರಿಂಗ್ ಗೈಡ್‌ಗಳ ಅಡಿಯಲ್ಲಿ. ಮಳೆ ನೀರು ಕುಡಿದು ಮೂಲೆ ಉಬ್ಬಿತ್ತು. ಮುಖಪುಟ ನೋಡಿದವನೇ ನಿಂತುಬಿಟ್ಟೆ. ಕುದುರೆ ತಲೆಬುರುಡೆಯಂಥ ಮುಖದ ಯಾವನೋ ಥಾರ್‌ನ ಬಟ್ಟೆ ಹಾಕ್ಕೊಂಡು, ಥಾರ್‌ನ ಸುತ್ತಿಗೆಯಿಂದ, ಪತ್ರಿಕೆಯ ಹೆಸರನ್ನೇ ಒಡೆದು ಚೂರು ಮಾಡ್ತಿದ್ದಾನೆ. ಅಕ್ಷರಗಳು ಪುಡಿಪುಡಿಯಾಗಿ ಹಾರ್ತಿವೆ. ಚೌಕಾಸಿ ಮಾಡೋದೂ ಮರೆತೆ.

ಅವನು ಬೀಟಾ ರೇ ಬಿಲ್. ಬೇರೆ ಗ್ರಹದವನು. ತನ್ನ ಜನರನ್ನು ಕಾಪಾಡೋಕೆ ಅಂತ ತನ್ನ ರೂಪವನ್ನೇ ಬದಲಾಯಿಸಿಕೊಂಡವನು. ಥಾರ್ ಅಲ್ಲದೆ ಬೇರೊಬ್ಬ ಸುತ್ತಿಗೆ ಎತ್ತಿದ, ಅದೂ ರಾಕ್ಷಸನಂತೆ ಕಾಣೋನು! ಓಡಿನ್ ಇಬ್ಬರ ಮಧ್ಯೆ ಕಾಳಗ ಇಟ್ಟ, ಬಿಲ್ ಗೆದ್ದ. ಕೊನೆಗೆ ಅವನಿಗೆ ಬೇರೆ ಸುತ್ತಿಗೆ ಮಾಡಿಸಿಕೊಟ್ಟರು.

ಇನ್ನೊಂದು. ಅದೇ ಮೊದಲ ಸಂಚಿಕೆಯಿಂದ ನಡುನಡುವೆ ಒಂದು ಪುಟ ಬರುತ್ತೆ. ಕತ್ತಲಲ್ಲಿ ಯಾರೋ ಕಮ್ಮಾರ ಕಾದ ಲೋಹ ಬಡೀತಿದ್ದಾನೆ. ಯಾರು ಅಂತ ಹೇಳಲ್ಲ. ಪುಟದ ಅಗಲಕ್ಕೆ ಒಂದೇ ಶಬ್ದ: ಡೂಮ್! ಅಕ್ಷರ ಬರೆದ ಜಾನ್ ವರ್ಕ್‌ಮನ್ ಅದನ್ನು ಶಬ್ದ ಕೇಳೋ ಹಾಗೆ ಬರೆದಿದ್ದಾರೆ. ಸುಮಾರು ಒಂದು ವರ್ಷ ಹೀಗೇ. ಅದು ಸುರ್ಟುರ್, ಜಗತ್ತು ಸುಡೋ ಬೆಂಕಿ ದೈತ್ಯ, ಕತ್ತಿ ಮಾಡ್ಕೊತಿದ್ದಾನೆ ಅಂತ ಗೊತ್ತಾಗೋ ಹೊತ್ತಿಗೆ ನಮ್ಮ ಎದೆ ಡವಡವ.

ಸೋದರಮಾವ ಅವರಿಗೆ ವಿಶೇಷ ಸೂಚನೆ: 353ನೇ ಸಂಚಿಕೆ. ಸುರ್ಟುರ್ ಎದುರಿಗೆ ಓಡಿನ್, ಥಾರ್, ಲೋಕಿ ಮೂವರೂ ಒಟ್ಟಿಗೆ ನಿಲ್ತಾರೆ. ಓಡಿನ್ ಕೂಗ್ತಾನೆ, "ಆಸ್ಗಾರ್ಡ್‌ಗೋಸ್ಕರ!" ಥಾರ್, "ಮಿಡ್ಗಾರ್ಡ್‌ಗೋಸ್ಕರ!" (ಅಂದ್ರೆ ಭೂಮಿಗೋಸ್ಕರ.) ಲೋಕಿ, "ನನಗೋಸ್ಕರ!" ತಮ್ಮನೋ ಚಿಕ್ಕಪ್ಪನೋ, ಲೋಕಿ ಅಂದ್ರೆ ಇದು.

ಕುಂದಾಪ್ರ ಕಪ್ಪೆ

ಮತ್ತೆ ಕಪ್ಪೆ?? ಕಪ್ಪೆ ಬಿಟ್ರಲ್ಲ ಸರ್! ನನ್ನ ಹೆಸರು ಎಲ್ಲಿಂದ ಬಂತು ಅಂದ್ಕೊಂಡಿದ್ದೀರಿ?

ಹಳೇಪೇಟೆ ಹುಳ

ನಿಮಗೇ ಬಿಟ್ಟಿದ್ದೆ ಮಾರಾಯ್ರೆ.

ಕುಂದಾಪ್ರ ಕಪ್ಪೆ

364, 365, 366. 1986. ಲೋಕಿಯ ಮಾಟಕ್ಕೆ ಥಾರ್ ಕಪ್ಪೆ ಆಗ್ತಾನೆ. ನ್ಯೂಯಾರ್ಕ್‌ನ ಸೆಂಟ್ರಲ್ ಪಾರ್ಕ್‌ನಲ್ಲಿ ಕಪ್ಪೆಗಳಿಗೂ ಇಲಿಗಳಿಗೂ ಯುದ್ಧ. ಇವನು ಕಪ್ಪೆಗಳ ಕಡೆ. ಒಂದು ಹಂತದಲ್ಲಿ ಕಪ್ಪೆ ಕೈಯಲ್ಲೇ ಸುತ್ತಿಗೆ ಎತ್ತಲಿಕ್ಕೆ ನೋಡ್ತಾನೆ. ಆಮೇಲೆ ಏನಾಗ್ತದೆ ಅಂತ ಹೇಳೋದಿಲ್ಲ, 366ರ ಮುಖಪುಟ ನೋಡಿ ಸಾಕು. ತಮಾಷೆ ಅಂದ್ರೆ ಬರೆದವರು ಒಂದು ಕಡೆಯೂ ಕಣ್ಣು ಮಿಟುಕಿಸೋದಿಲ್ಲ. ಮಹಾಭಾರತದಷ್ಟೇ ಗಂಭೀರವಾಗಿ ಕಪ್ಪೆ ಯುದ್ಧ ನಡೀತದೆ. 11 ವರ್ಷದವನಿಗೆ ಇದಕ್ಕಿಂತ ಒಳ್ಳೇದು ಇಲ್ಲ.

ಮದುಮಗಳ ವೇಷದ ಥಾರ್ ಸತ್ತಿಲ್ಲ, ಕಪ್ಪೆ ಆಗಿ ವಾಪಸ್ ಬಂದ ಅಂತ ನನ್ನ ಸಿದ್ಧಾಂತ. ಹೊಂಬಣ್ಣದ ಹೀರೋ ಮೇಲಿನ ನನ್ನ ಸಿಟ್ಟು ಇಲ್ಲಿಗೆ ಇಳೀತು. ಆ ಕಾಲದಲ್ಲಿ ಗಡ್ಡವನ್ನೂ ಬಿಡಿಸಿದ್ದರು. ಸತ್ತವರ ಲೋಕದ ರಾಣಿ ಹೆಲಾ ಮುಖ ಗೀರಿದ ಗಾಯ ಮುಚ್ಚಲಿಕ್ಕೆ.

ತರ್ಕತಿಮ್ಮ

ನನ್ನ ಮತ 362ನೇ ಸಂಚಿಕೆಗೆ. ಸ್ಕರ್ಜ್ ಅನ್ನೋ ಕೊಡಲಿ ಹಿಡಿದ ಖಳ. 20 ವರ್ಷ ಮಾಯಗಾತಿ ಅಮೋರಾ ಹಿಂದೆ ಸುತ್ತಿದ ದಡ್ಡ. ಎಲ್ಲರೂ ನಗೋದೇ ಅವನನ್ನು ನೋಡಿ. ಹೆಲ್ ಲೋಕದಿಂದ ಥಾರ್‌ನ ತಂಡ ವಾಪಸ್ ಬರುವಾಗ ಗ್ಯಾಲರ್‌ಬ್ರೂ ಸೇತುವೆ ಮೇಲೆ ಯಾರಾದರೂ ಒಬ್ಬರು ನಿಂತು ಸತ್ತವರ ಸೈನ್ಯ ತಡೀಬೇಕು. ಥಾರ್ ತಾನೇ ನಿಲ್ತೀನಿ ಅಂತಾನೆ. ಸ್ಕರ್ಜ್ ಹಿಂದಿನಿಂದ ಥಾರ್‌ಗೇ ಬಡಿದು ಬೀಳಿಸಿ, ತಾನು ನಿಲ್ತಾನೆ. ಭೂಮಿಯಿಂದ ತಂದ ಎರಡು ಬಂದೂಕು ಕೈಯಲ್ಲಿ. ಎದುರಿಗೆ ಸೈನ್ಯ ಅಲೆ ಅಲೆಯಾಗಿ.

ಮುಂದೆ ಏನಾಯ್ತು ಅಂತ ತೋರಿಸಲ್ಲ. ಹೆಲ್ ಲೋಕದವರೂ ಆ ಹೆಸರು ಕೇಳಿದರೆ ಸುಮ್ಮನಾಗ್ತಾರೆ, ಸೇತುವೆ ಮೇಲೆ ಒಬ್ಬನೇ ನಿಂತ ಅನ್ನೋದೇ ಅವರ ಉತ್ತರ ಅನ್ನೋ ಅರ್ಥದ ಎರಡು ಸಾಲು, ಅಷ್ಟೇ. ಆ ಸೇತುವೆ ಹಳೇ ಕಥೆಯದೇ, ಹೆಲ್‌ಗೆ ಹೋಗೋ ದಾರಿಯ ಸೇತುವೆ. ಸ್ಕರ್ಜ್ ಮಾತ್ರ ಪೂರ್ತಿ ಮಾರ್ವೆಲ್‌ನವರ ಸೃಷ್ಟಿ. ಸ್ನೋರಿ ಓದಿದ್ದರೆ ಅವನ ಪುಸ್ತಕಕ್ಕೆ ಸೇರಿಸ್ತಿದ್ದ.

ತರ್ಕ ಮಾಡೋನು ನಾನು. ಆದರೂ ಈ ಪುಟ ಓದಿದಾಗ ಗಂಟಲು ಕಟ್ಟುತ್ತೆ.

ರಾತ್ರಿಪಾಳಿ

ಎಲ್ಲರೂ 80ರ ದಶಕದಲ್ಲೇ ಇದ್ದೀರಿ. 2014ರದ್ದು ನಾನು ಹೇಳ್ತೀನಿ.

ಜೇನ್ ಫಾಸ್ಟರ್ ಶುರುವಿನಿಂದ ಇದ್ದವಳು, ಬ್ಲೇಕ್‌ನ ಕ್ಲಿನಿಕ್‌ನ ನರ್ಸ್. ನಾನೂ ನರ್ಸ್, ಅದಕ್ಕೇ ಅವಳ ಮೇಲೆ ಕಣ್ಣು. 60ರ ದಶಕದ ಸಂಚಿಕೆಗಳಲ್ಲಿ ಅವಳಿಗೆ ಕೆಲಸವೇ ಇಲ್ಲ, ಡಾಕ್ಟರ್ ಮುಖ ನೋಡಿ ನಿಟ್ಟುಸಿರು ಬಿಡೋದು, ಅಷ್ಟೇ. ಜೇಸನ್ ಆರನ್ ಬರೆದು ರಸೆಲ್ ಡಾಟರ್‌ಮನ್ ಚಿತ್ರ ಮಾಡಿದ ಸರಣಿಯಲ್ಲಿ ಥಾರ್‌ಗೆ ಸುತ್ತಿಗೆ ಎತ್ತೋಕೆ ಆಗದೆ ಹೋಗುತ್ತೆ. ಚಂದ್ರನ ಮೇಲೆ ಬಿದ್ದಿರೋ ಸುತ್ತಿಗೆಯನ್ನು ಒಬ್ಬ ಹೆಂಗಸು ಎತ್ತುತ್ತಾಳೆ. ಬರಹದಲ್ಲಿದ್ದ "ಅವನು" ಆಗ "ಅವಳು" ಆಗುತ್ತೆ. ಅವಳು ಜೇನ್ ಅಂತ ಓದುಗರಿಗೆ ಗೊತ್ತಾಗೋದು ತುಂಬ ತಡವಾಗಿ.

ಜೇನ್‌ಗೆ ಸ್ತನ ಕ್ಯಾನ್ಸರ್. ಕೀಮೋ ನಡೀತಿದೆ. ಸುತ್ತಿಗೆ ಎತ್ತಿದಾಗಲೆಲ್ಲ ಮೈಯಲ್ಲಿರೋ ವಿಷ ಎಲ್ಲ ಹೊರಗೆ ಹೋಗುತ್ತೆ. ಕೀಮೋ ಔಷಧವೂ ವಿಷವೇ ತಾನೇ, ಅದೂ ಹೋಗುತ್ತೆ. ಕ್ಯಾನ್ಸರ್ ಮಾತ್ರ ಹೋಗಲ್ಲ, ಅದು ಅವಳದೇ ಜೀವಕೋಶ. ಅಂದರೆ ಪ್ರತಿ ಸಲ ಲೋಕ ಕಾಪಾಡಿ ವಾಪಸ್ ಬಂದಾಗ ಚಿಕಿತ್ಸೆ ಮತ್ತೆ ಮೊದಲಿಂದ.

ನಮ್ಮ ವಾರ್ಡಿನಲ್ಲಿ ಇಂಥ ಹೆಂಗಸರನ್ನು ದಿನಾ ನೋಡ್ತೀನಿ. ಮಗಳ ಪರೀಕ್ಷೆ ಇದೆ, ಮನೆಯಲ್ಲಿ ಹಬ್ಬ ಇದೆ ಅಂತ ಕೀಮೋ ತಾರೀಖು ಮುಂದೆ ಹಾಕಿಸಿಕೊಳ್ಳೋರು. ಬೈದರೂ ಕೇಳಲ್ಲ. ಆ ಕಾಮಿಕ್ಸ್ ಬರೆದವರಿಗೆ ಇದು ಹೇಗೆ ಗೊತ್ತಾಯ್ತು ಅಂತ ನನಗೆ ಆಶ್ಚರ್ಯ.

ಹುಡುಗನಿಗೆ ಇನ್ನೂ ಎರಡು ಮೂರು ವರ್ಷ ಆಗಲಿ. ನೀವು ಓದಿ.

ಸೋದರಮಾವ

ಇವತ್ತೇ ಹುಡುಕ್ತೀನಿ ಅಕ್ಕ.

ಬೆಣ್ಣೆದೋಸೆ

ಎಲ್ಲ ಸರಿ, ಥಾರ್ ಶಿವನ ಜೊತೆ ಹೊಡೆದಾಡಿದ ಸಂಚಿಕೆ ಬಗ್ಗೆ ಯಾಕೆ ಯಾರೂ ಬಾಯಿ ಬಿಡ್ತಿಲ್ಲ?? ನಮ್ಮ ದೇವರು ಅಂದ್ರೆ ಅಷ್ಟು ಸದರನಾ?

ಹಳೇಪೇಟೆ ಹುಳ

ಇದೆ, ನಿಜ. 301ನೇ ಸಂಚಿಕೆ, 1980. ಸತ್ತುಹೋದ ಆಸ್ಗಾರ್ಡ್ ದೇವರುಗಳನ್ನು ಬದುಕಿಸೋಕೆ ಥಾರ್ ಬೇರೆ ಬೇರೆ ನಾಡಿನ ದೇವರುಗಳ ಹತ್ತಿರ ಶಕ್ತಿ ಬೇಡ್ಕೊಂಡು ಹೋಗ್ತಾನೆ. ಒಂಥರಾ ಭಿಕ್ಷಾಟನೆ. ಅಲ್ಲಿ ಶಿವನ ಜೊತೆ ಕಾಳಗ ಇದೆ. ಆಮೇಲೆ ಮಾರ್ವೆಲ್‌ನವರೇ, ಅವನು ನಿಜವಾದ ಶಿವ ಅಲ್ಲ, ಇಂದ್ರ, ಅಂತ ತಿದ್ದಿಕೊಂಡರು.

ತರ್ಕತಿಮ್ಮ

ಇಂದ್ರ ಅಂದಿದ್ದರೆ ಮೊದಲೇ ಸರಿಹೋಗ್ತಿತ್ತು. ಗುಡುಗಿಗೆ ಗುಡುಗು. ಥಾರ್‌ಗೆ ಕುಬ್ಜರು ಮಾಡಿದ ಸುತ್ತಿಗೆ, ಇಂದ್ರನಿಗೆ ತ್ವಷ್ಟೃ ಮಾಡಿದ ವಜ್ರ. ಅವನಿಗೆ ಲೋಕ ಸುತ್ತಿರೋ ಹಾವು, ಇವನಿಗೆ ವೃತ್ರ. ಇಬ್ಬರೂ ಕುಡುಕರು, ತಿಂಡಿಪೋತರು. ವಿದ್ವಾಂಸರು ನೂರು ವರ್ಷದಿಂದ ಇಬ್ಬರನ್ನೂ ಪಕ್ಕಪಕ್ಕ ಇಟ್ಟು ನೋಡ್ತಿದ್ದಾರೆ. ಕೊನೆ ಮಾತ್ರ ಬೇರೆ. ಇಂದ್ರ ಗೆದ್ದು ಸಿಂಹಾಸನದಲ್ಲಿ ಕೂತ. ಥಾರ್ ಹಾವನ್ನು ಕೊಂದು, ಒಂಬತ್ತು ಹೆಜ್ಜೆ ಹಾಕಿ, ಅದರ ವಿಷಕ್ಕೆ ಸತ್ತ. ಸೈಮನ್ಸನ್ 380ನೇ ಸಂಚಿಕೆಯಲ್ಲಿ ಈ ಹಾವಿನ ಕಾಳಗ ಇಟ್ಟಿದ್ದಾರೆ. ಪುಟಕ್ಕೆ ಒಂದೇ ಚಿತ್ರ, ಇಡೀ ಸಂಚಿಕೆ ಹಾಗೇ.

ಬೆಣ್ಣೆದೋಸೆ

ವಿಷಯ ಬದಲಾಯಿಸಬೇಡಿ ಸ್ವಾಮಿ. ಅವರ ದೇವರು ಸತ್ತ ದೇವರು, ಏನು ಬೇಕಾದರೂ ಬರೀಬಹುದು. ನಮ್ಮದು ಪೂಜೆ ಆಗ್ತಿರೋ ದೇವರು.

ಬರ್ಗನ್ ಮಳೆ

ನಿಮ್ಮ ಬೇಜಾರು ನನಗೆ ಅರ್ಥ ಆಗುತ್ತೆ. ಆದರೆ ಅವರ ದೇವರು ಸತ್ತಿಲ್ಲ. ಐಸ್‌ಲ್ಯಾಂಡಿನಲ್ಲಿ 1972ರಲ್ಲಿ ಸ್ವೇನ್‌ಬ್ಯೋರ್ನ್ ಬೈನ್‌ಟೈನ್‌ಸನ್ ಅನ್ನೋ ಕುರಿ ಸಾಕೋ ಕವಿ ಮತ್ತು ಒಂದಷ್ಟು ಜನ ಸೇರಿ ಹಳೇ ದೇವರ ಸಂಘ ಕಟ್ಟಿದರು. ಮರುವರ್ಷವೇ ಸರ್ಕಾರ ಅದನ್ನು ಧರ್ಮ ಅಂತ ಒಪ್ಪಿಕೊಂಡಿತು. ಮದುವೆ, ನಾಮಕರಣ, ಮಣ್ಣು ಮಾಡೋದು ಎಲ್ಲ ಆ ಪದ್ಧತಿಯಲ್ಲಿ ನಡೆಯುತ್ತೆ. ಅಮೆರಿಕದಲ್ಲಿ 2013ರಿಂದ ಸೈನಿಕರ ಸಮಾಧಿ ಕಲ್ಲಿನ ಮೇಲೆ ಥಾರ್‌ನ ಸುತ್ತಿಗೆಯ ಗುರುತು ಕೆತ್ತಿಸಿಕೊಳ್ಳಬಹುದು, ಶಿಲುಬೆ, ಓಂ ಇದ್ದ ಹಾಗೆ.

ಅಂದರೆ ಥಾರ್‌ನ ನಂಬೋರು ಇದ್ದಾರೆ, ಅವರೂ ಈ ಕಾಮಿಕ್ಸ್ ನೋಡ್ತಾರೆ.

ನಿರ್ವಾಹಕ

ಶಿವ, ಇಂದ್ರ ವಿಚಾರ ಇಲ್ಲಿಗೆ ಸಾಕು. ಮುಂದುವರಿಸಬೇಕು ಅಂದರೆ ಬೇರೆ ಎಳೆ ಶುರು ಮಾಡಿ. ಎರಡು ಪ್ರತಿಕ್ರಿಯೆ ತೆಗೆದಿದ್ದೇನೆ.

ಬರ್ಗನ್ ಮಳೆ

ಕಪ್ಪೆ ಅವರೇ, ಮದುಮಗಳ ವೇಷದ ಥಾರ್ ಸತ್ತಿಲ್ಲ ಅಂದಿರಲ್ಲ, ಡೆನ್ಮಾರ್ಕ್‌ನಲ್ಲಂತೂ ಚೆನ್ನಾಗೇ ಬದುಕಿದ್ದಾನೆ. 'ವಾಲ್ಹಲ್ಲಾ' ಅಂತ ಕಾಮಿಕ್ಸ್. ಚಿತ್ರ ಪೀಟರ್ ಮ್ಯಾಡ್ಸನ್. 1979ರಲ್ಲಿ ಶುರುವಾಗಿ 2009ಕ್ಕೆ ಮುಗಿಯಿತು, ಒಟ್ಟು 15 ಪುಸ್ತಕ. ಅಲ್ಲಿ ಥಾರ್‌ಗೆ ಕೆಂಪು ಗಡ್ಡ, ದೊಡ್ಡ ಹೊಟ್ಟೆ. ಕಥೆ ನಡೆಯೋದು ಥ್ಯಾಲ್ಫಿ, ರೋಸ್ಕ್ವಾ ಅನ್ನೋ ರೈತರ ಮಕ್ಕಳ ಕಣ್ಣಲ್ಲಿ. ಹಳೇ ಕಥೆಯಲ್ಲಿ ಇದ್ದಾರಲ್ಲ? ಥಾರ್ ತನ್ನ ಗಾಡಿ ಎಳೆಯೋ ಹೋತಗಳನ್ನೇ ರಾತ್ರಿ ಕಡಿದು ಅಡಿಗೆ ಮಾಡ್ತಾನೆ, ಬೆಳಿಗ್ಗೆ ಮೂಳೆ ಚರ್ಮದ ಮೇಲೆ ಸುತ್ತಿಗೆ ಎತ್ತಿದರೆ ಮತ್ತೆ ಜೀವ. ಹುಡುಗ ಒಂದು ಮೂಳೆ ಸೀಳಿ ಒಳಗಿನ ಮಜ್ಜೆ ತಿಂದುಬಿಟ್ಟ, ಬೆಳಿಗ್ಗೆ ಒಂದು ಹೋತ ಕುಂಟು. ದಂಡವಾಗಿ ಮಕ್ಕಳಿಬ್ಬರೂ ಥಾರ್ ಮನೆ ಆಳುಗಳಾದರು.

ಇಲ್ಲಿಯ ಲೈಬ್ರರಿಯಲ್ಲಿ ನೋಡಿದೆ. ಪುಟದ ಮೂಲೆಗಳೆಲ್ಲ ಮಕ್ಕಳ ಬೆರಳಿಗೆ ಸವೆದು ದುಂಡಗಾಗಿದ್ದವು. ಆ ಊರಿನವರಿಗೆ ಥಾರ್ ಸೂಪರ್‌ಹೀರೋ ಅಲ್ಲ, ಮನೆಯಲ್ಲಿ ಜೋರು ಮಾಡೋ ದೊಡ್ಡಪ್ಪ.

ತರ್ಕತಿಮ್ಮ

ಇದು ಸಾಧ್ಯ ಆಗಿದ್ದು ಥಾರ್ ಯಾರ ಆಸ್ತಿಯೂ ಅಲ್ಲ ಅನ್ನೋದರಿಂದ. ಮಾರ್ವೆಲ್‌ನವರ ಹಕ್ಕು ಅವರ ರೆಕ್ಕೆ ಟೋಪಿ ಥಾರ್ ಮೇಲೆ ಮಾತ್ರ. ಕರ್ಬಿಯೇ ಇದಕ್ಕೂ ಮೊದಲು, 1957ರಲ್ಲಿ, ಡಿಸಿ ಕಂಪನಿಗೆ ಒಂದು ಚಿಕ್ಕ ಥಾರ್ ಕಥೆ ಮಾಡಿದ್ದರು. ಅಲ್ಲಿನ ಸುತ್ತಿಗೆ ನೋಡಿ, 1962ರ ಸುತ್ತಿಗೆಯ ಅಣ್ಣನ ಹಾಗಿದೆ. ಆಮೇಲೆ 1970ರಲ್ಲಿ ಮಾರ್ವೆಲ್ ಬಿಟ್ಟು ಡಿಸಿಗೆ ಹೋದಾಗ ಹಳೇ ದೇವರುಗಳೆಲ್ಲ ಸತ್ತ ಮೇಲೆ ಏನು ಅನ್ನೋದರಿಂದಲೇ ಹೊಸ ಕಥೆ ಶುರು ಮಾಡಿದರು. ಸಿಟ್ಟಿತ್ತು ಅನ್ನಿಸುತ್ತೆ ನನಗೆ.

ಕುಂದಾಪ್ರ ಕಪ್ಪೆ

ದೇವರ ಕಾಮಿಕ್ಸ್ ಅಂದ ಮೇಲೆ ನಮ್ಮ ಅನಂತ ಪೈ ಅವರನ್ನು ನೆನೆಸದಿದ್ದರೆ ಹೇಗೆ? ಕಾರ್ಕಳದವರು. ಮಕ್ಕಳಿಗೆ ಗ್ರೀಕ್ ದೇವರು ಗೊತ್ತು, ರಾಮನ ತಾಯಿ ಹೆಸರು ಗೊತ್ತಿಲ್ಲ ಅಂತ ಟಿವಿ ಕ್ವಿಜ್ ನೋಡಿ ಬೇಜಾರಾಗಿ 1967ರಲ್ಲಿ ಅಮರ ಚಿತ್ರ ಕಥೆ ಶುರು ಮಾಡಿದವರು. ಸೋದರಮಾವ ಅವರ ಅಳಿಯ ಎರಡನ್ನೂ ಓದಿರಬಹುದು.

ಸೋದರಮಾವ

ಓದಿದ್ದಾನೆ. ಕೌಸಲ್ಯೆ ಹೆಸರೂ ಗೊತ್ತು, ಓಡಿನ್ ಹೆಂಡತಿ ಫ್ರಿಗ್ಗಾ ಹೆಸರೂ ಗೊತ್ತು.

ಎಲ್ಲರಿಗೂ ಥ್ಯಾಂಕ್ಸ್. ಕಪ್ಪೆ ಸಂಚಿಕೆ ಮೂರೂ ಓದಿಯಾಯ್ತು. ಹುಡುಗ ಅಡಿಗೆಮನೆಯ ಇಕ್ಕಳ, ಕುಟ್ಟಾಣಿ ಎಲ್ಲ ತಂದು ನೆಲದ ಮೇಲಿಟ್ಟು "ಯೋಗ್ಯತೆ ಇದ್ದೋರು ಎತ್ತಿ" ಅಂತ ಎಲ್ಲರ ದಾರಿಗೆ ಅಡ್ಡ ಕೂತಿದ್ದ. ಅಜ್ಜಿ ಒಂದೇ ಕೈಯಲ್ಲಿ ಕುಟ್ಟಾಣಿ ಎತ್ತಿಕೊಂಡು ಹೋಗಿ ಮೆಣಸು ಕುಟ್ಟಿದರು. ಅಲ್ಲಿಗೆ ಅದು ಇತ್ಯರ್ಥ.

ಚಿಕ್ಕಪ್ಪನ ವಿಷಯದಲ್ಲೂ ರಾಜಿ ಆಗಿದೆ. ಕಾಮಿಕ್ಸ್ ಓದುವಾಗ ತಮ್ಮ, ಮಾಮ ಕಥೆ ಹೇಳುವಾಗ ಚಿಕ್ಕಪ್ಪ. ಅವನೇ ತೀರ್ಮಾನ ಮಾಡಿದ್ದು.

ಆದರೆ ನಿನ್ನೆ ರಾತ್ರಿ ಓಡಿನ್‌ನ ಎಂಟು ಕಾಲಿನ ಕುದುರೆ ಸ್ಲೈಪ್ನಿರ್ ಕಥೆಗೆ ಬಂದೆವು. ಲೋಕಿ ಹೆಣ್ಣು ಕುದುರೆ ರೂಪ ತಾಳಿ ಕಾಡಿಗೆ ಓಡಿದ ಅನ್ನೋವರೆಗೆ ಹೇಳಿ, "ಕೆಲವು ತಿಂಗಳಾದ ಮೇಲೆ ಒಂದು ಮರಿ ಜೊತೆ ವಾಪಸ್ ಬಂದ" ಅಂತ ಬೇಗ ಬೇಗ ಮುಗಿಸಿ ದೀಪ ಆರಿಸಿದೆ. ಕತ್ತಲಲ್ಲಿ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, "ಮಾಮ, ಮರಿ ಎಲ್ಲಿಂದ ಬಂತು?"

ತರ್ಕತಿಮ್ಮ

ಏನಂದ್ರಿ?

ಸೋದರಮಾವ

ನಿದ್ದೆ ಬಂದ ಹಾಗೆ ಗೊರಕೆ ಹೊಡೆದೆ. ಇವತ್ತು ರಾತ್ರಿ ಒಂಬತ್ತರೊಳಗೆ ಯಾರಾದರೂ ಉತ್ತರ ಕೊಡಿ.

ಕುಂದಾಪ್ರ ಕಪ್ಪೆ

ನಿಮ್ಮಮ್ಮನ ಹತ್ರ ಕೇಳು ಅನ್ನಿ.